"ಛಲೋ ಐತ್ರಿ" ಅಂದರೆ ಅದು ಉತ್ತರ ಅಲ್ಲ

ಸ್ವಂತ ಹಾಡು ಕಟ್ಟುವ ಹುಡುಗ ಹುಡುಗಿಯರು ನನಗೆ ಬರೆಯುವ ಪ್ರಶ್ನೆಗಳು ವರ್ಷ ಕಳೆದರೂ ಬದಲಾಗಿಲ್ಲ. ಧಾರವಾಡದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಭಾನುವಾರ ಸಂಜೆ ಇಂಥ ಎಂಟು ಹತ್ತು ಜನ ಸೇರುತ್ತಾರೆ. ತಾವು ಮಾಡಿದ್ದನ್ನು ಹಾಡುತ್ತಾರೆ, ಬೇರೆಯವರದ್ದನ್ನು ಕೇಳುತ್ತಾರೆ. ಹೊಸದಾಗಿ ಬಂದವರು ಅಲ್ಲೂ ಇವೇ ಪ್ರಶ್ನೆ ತರುತ್ತಾರೆ. ಹಾಗಾಗಿ ಈ ಸಲ ಒಂದು ಪ್ರಶ್ನೆಗೆ ಉದ್ದ ಉತ್ತರ ಬರೆಯುತ್ತೇನೆ. ಉಳಿದವಕ್ಕೆ ಒಂದೆರಡು ಮಾತು ಸಾಕು. ತಾಳ ಅಂದರೇನು, ಶ್ರುತಿ ಹಿಡಿಯುವುದು ಹೇಗೆ ಅನ್ನುವುದೆಲ್ಲ ಇಲ್ಲಿ ಇಲ್ಲ. ಅದನ್ನು ಗುರುಗಳ ಮುಂದೆ ಕೂತೇ ಕಲಿಯಬೇಕು.

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿದ್ದೇನೆ. ಎರಡು ವರ್ಷದಿಂದ ಹಾಡು ಮಾಡುತ್ತಿದ್ದೇನೆ. ನಾವು ಆರು ಜನ ಗೆಳೆಯರು ಒಬ್ಬರ ಹಾಡನ್ನು ಇನ್ನೊಬ್ಬರು ಕೇಳುತ್ತೇವೆ. ಎಲ್ಲರೂ "ಮಸ್ತ್ ಐತಿ" ಅಂತಾರೆ. ಒಬ್ಬ ಮಾತ್ರ ಪ್ರತಿ ಸಲ "ಏನೋ ಮಿಸ್ಸಿಂಗ್" ಅಂತಾನೆ. ಯಾರ ಮಾತು ನಂಬಲಿ? (ವಿದ್ಯಾನಗರ, ಹುಬ್ಬಳ್ಳಿ)

ಇಬ್ಬರದ್ದೂ ಬೇಡ ತಮ್ಮಾ. "ಮಸ್ತ್ ಐತಿ" ಅನ್ನುವವನು ನಿನ್ನ ಮೇಲಿನ ಪ್ರೀತಿ ಹೇಳುತ್ತಿದ್ದಾನೆ. "ಏನೋ ಮಿಸ್ಸಿಂಗ್" ಅನ್ನುವವನು ತನಗೆ ತಿಳಿಯುತ್ತದೆ ಅಂತ ತೋರಿಸುತ್ತಿದ್ದಾನೆ. ಹಾಡಿನ ಬಗ್ಗೆ ಇಬ್ಬರೂ ಏನೂ ಹೇಳಿಲ್ಲ.

ಕುಂದಗೋಳಕ್ಕೆ ಒಮ್ಮೆ ಹೋಗಿ ಬಾ. ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಹೆಸರಿನಲ್ಲಿ ಪ್ರತಿವರ್ಷ ಸಂಗೀತೋತ್ಸವ ನಡೆಯುತ್ತದೆ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇಬ್ಬರಿಗೂ ಕಲಿಸಿದ ಗುರು ಅವರು. ಅಲ್ಲಿ ಹಾಡುವವರನ್ನು ನೋಡಬೇಡ, ಕೇಳಲು ಬಂದ ಹಿರಿಯರನ್ನು ನೋಡು. ಅವರ ಬಾಯಿಂದ "ವಾಹ್" ಬರುವುದು ಹಾಡು ಮುಗಿದ ಮೇಲಲ್ಲ. ಗಾಯಕರು ನಿಷಾದದ (ನಿ) ಮೇಲೆ ಒಂದು ಗಳಿಗೆ ನಿಂತು, ಷಡ್ಜಕ್ಕೆ (ಸ) ಬಂದು ಸೇರುತ್ತಾರಲ್ಲ, ಸರಿಯಾಗಿ ಆ ಕ್ಷಣಕ್ಕೆ ಬರುತ್ತದೆ. ಯಾವುದು ತಟ್ಟಿತು ಅಂತ ಹಾಡುವವರಿಗೂ ಗೊತ್ತಾಗುತ್ತದೆ, ಪಕ್ಕದಲ್ಲಿ ಕೂತವರಿಗೂ ಗೊತ್ತಾಗುತ್ತದೆ. ನಿಮ್ಮ ಆರು ಜನರಲ್ಲಿ ಇಲ್ಲದ್ದು ಇದೇ. ನೀವು ಇಡೀ ಹಾಡಿಗೆ ಒಂದು ಮಾರ್ಕು ಕೊಡುತ್ತಿದ್ದೀರಿ. ಹಾಡು ಮಾಡಿದವನಿಗೆ ಬೇಕಾದದ್ದು ಮಾರ್ಕಲ್ಲ, ಜಾಗ. ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು, ಯಾವ ಸಾಲು, ಯಾವ ಅಕ್ಷರ.

ನಮ್ಮ ಕೋಣೆಯಲ್ಲಿ ನಡೆದದ್ದು ಹೇಳುತ್ತೇನೆ. ಒಬ್ಬ ಹುಡುಗಿ ತಾನೇ ಬರೆದು ರಾಗ ಹಾಕಿದ ಹಾಡು ತಂದಿದ್ದಳು. ಎಂಟು ಎಣಿಕೆಯ ಕೆಹರವಾ ತಾಳ, ನಿಧಾನ ನಡೆ. "ಬಳೆಯ ಸದ್ದು ಕೇಳಿತೇನೆ" ಅಂತ ಪಲ್ಲವಿ ಶುರು. ಕೇಳಿದವರಲ್ಲಿ ಮೂರು ಜನ ಮೂರು ಮಾತು ಹೇಳಿದರು. ಒಬ್ಬನಿಗೆ ಲಯ ಎಳೆದಂತಾಯಿತು. ಇನ್ನೊಬ್ಬನಿಗೆ ಮೈಕ್ ಸರಿ ಇಲ್ಲ ಅನಿಸಿತು. ಮೂರನೆಯವಳು ಅಲ್ಲಿ ಕೊಳಲು ಹಾಕು ಅಂದಳು. ಹುಡುಗಿ ಗಾಬರಿಯಾದಳು. ನಾನು ಕೇಳಿದ್ದು ಒಂದೇ: "ಎಲ್ಲಿ?" ಮೂವರೂ ತೋರಿಸಿದ್ದು ಪಲ್ಲವಿಯ ಮೊದಲ ಸಾಲನ್ನೇ.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಯಾವುದೋ ಕೆಲಸಕ್ಕೆ ಮೇಲೆ ಬಂದರು. ಬಾಗಿಲಲ್ಲೇ ನಿಂತು ಕೇಳಿದರು. "ಯವ್ವಾ, ಬಾಳಿ ಸದ್ದು ಅಂದ್ರ ಏನವಾ?" ಅಂದರು.

ಅಲ್ಲಿತ್ತು ತಪ್ಪು. ಹುಡುಗಿ ಮೊದಲ ಅಕ್ಷರವನ್ನು ಎರಡು ಮಾತ್ರೆ, ಅಂದರೆ ತಾಳದ ಎರಡು ಎಣಿಕೆ, ಎಳೆದಿದ್ದಳು. ಬಳೆ ಹೋಗಿ ಬಾಳೆ ಆಗಿತ್ತು. ಕನ್ನಡದಲ್ಲಿ ಹ್ರಸ್ವವನ್ನು ದೀರ್ಘ ಮಾಡಿದರೆ ಶಬ್ದವೇ ಬದಲಾಗುತ್ತದೆ. ನಡು ನಾಡಾಗುತ್ತದೆ, ಮರ ಮಾರನಾಗುತ್ತಾನೆ, ಕಡು ಕಾಡಾಗುತ್ತದೆ. ಹಾಡು ಕಟ್ಟುವವರಿಗೆ ಇದು ಗೊತ್ತಾಗುವುದಿಲ್ಲ. ಅವರೇ ಬರೆದ ಸಾಲು, ತಲೆಯಲ್ಲಿ ಅರ್ಥ ಮೊದಲೇ ಇದೆ. ಕೇಳುವ ಕಿವಿಗೆ ಅರ್ಥ ಒಂದು ಗಳಿಗೆ ಎಡವುತ್ತದೆ. ಎಡವಿದ್ದು ಯಾಕೆ ಅಂತ ಕೇಳುಗನಿಗೂ ತಿಳಿಯುವುದಿಲ್ಲ. ಅವನು ಲಯ ಅನ್ನುತ್ತಾನೆ, ಮೈಕ್ ಅನ್ನುತ್ತಾನೆ, ಕೊಳಲು ಅನ್ನುತ್ತಾನೆ.

ತಿದ್ದಿದ್ದು ಹೇಗೆ? ಸ್ವರ ಒಂದೂ ಬದಲಾಯಿಸಲಿಲ್ಲ. "ಬ", "ಳೆ" ಎರಡಕ್ಕೂ ಅರ್ಧರ್ಧ ಮಾತ್ರೆ ಕೊಟ್ಟು, ಎಳೆತವನ್ನು "ಯ" ಮೇಲೆ ಹಾಕಿದಳು. "ಬಳೆಯಾ..." ಅಂತ ಕೊನೆ ಎಳೆದರೆ ನಮ್ಮ ಕಿವಿಗೆ ಏನೂ ಅನಿಸುವುದಿಲ್ಲ. ಬೀಸುವ ಕಲ್ಲಿನ ಹಾಡಿನಿಂದ ಹಿಡಿದು ಭಜನಾ ಮೇಳದವರೆಗೆ ನಾವು ಎಳೆಯುವುದು ಶಬ್ದದ ಕೊನೆಯನ್ನೇ. ಲಯದ ದೂರು, ಮೈಕಿನ ದೂರು, ಕೊಳಲಿನ ಆಸೆ ಮೂರೂ ಅವತ್ತೇ ಹೋದವು.

ಹಾಗಾಗಿ ಎಲ್ಲಿ ತೊಡಕಾಯಿತು ಅಂತ ಕೇಳುಗ ಹೇಳಿದರೆ ಪೂರ್ತಿ ನಂಬು. ಯಾಕೆ ಅಂತ ಅವನು ಹೇಳುವ ಕಾರಣವನ್ನು ಅರ್ಧ ನಂಬು. ಹೀಗೆ ಮಾಡು ಅಂತ ಅವನು ಕೊಡುವ ಮದ್ದನ್ನು ಆಮೇಲೆ ನೋಡೋಣ. ಮೂವರು ಬೇರೆ ಬೇರೆ ಕಾರಣ ಹೇಳಿ ಒಂದೇ ಜಾಗ ತೋರಿಸಿದರೆ ಆ ಜಾಗದಲ್ಲಿ ಏನೋ ಇದ್ದೇ ಇದೆ.

ಈಗ ಕೂತು ಕೇಳುವ ರೀತಿ. ಹಾಡು ಹಾಕುವ ಮೊದಲು ಬಾಯಿ ಬಿಡಬೇಡ. "ಇದಿನ್ನೂ ರಫ್, ಗಂಟಲು ಸರಿ ಇರಲಿಲ್ಲ, ಇದು ಅವ್ವನ ನೆನಪಿಗೆ ಮಾಡಿದ್ದು" ಅಂತ ಶುರು ಮಾಡಿದರೆ ಮುಗೀತು, ಆಮೇಲೆ ಯಾರೂ ನಿಜ ಹೇಳುವುದಿಲ್ಲ. ಮೊದಲ ಸಲ ಎಲ್ಲರೂ ಸುಮ್ನೆ ಕೇಳಲಿ, ಫೋನ್ ಪಕ್ಕಕ್ಕಿರಲಿ. ಎರಡನೇ ಸಲ ಕೈಯಲ್ಲಿ ಹಾಳೆ ಇರಲಿ. ಮೂರೇ ಸಂಗತಿ ಬರೆಯಲಿ: ಮನಸ್ಸು ಎಲ್ಲಿ ಬೇರೆ ಕಡೆ ಹೋಯಿತು, ಯಾವ ಶಬ್ದ ತಿಳಿಯಲಿಲ್ಲ, ಯಾವ ಸಾಲು ಬಾಯಲ್ಲಿ ಉಳಿಯಿತು. ಹಾಳೆಗಳನ್ನು ಓದುವಾಗ ಹಾಡು ಮಾಡಿದವನು ಮಾತಾಡಕೂಡದು. ನಮ್ಮಲ್ಲಿ ಇದು ಕಟ್ಟುನಿಟ್ಟು. ಸಮರ್ಥನೆ ಶುರು ಮಾಡಿದವನ ಹಾಡನ್ನು ಆ ವಾರ ಅಲ್ಲಿಗೇ ನಿಲ್ಲಿಸುತ್ತೇವೆ. ನಿನ್ನ ಹಾಡು ನಾಳೆ ಯಾರದೋ ಮನೆಯಲ್ಲಿ ಕೇಳಿಸುವಾಗ ಪಕ್ಕದಲ್ಲಿ ಕೂತು ಅರ್ಥ ಹೇಳಲು ನೀನು ಇರುವುದಿಲ್ಲ ಅಲ್ವಾ?

ಇನ್ನೊಂದು. ಎರಡು ಹಾಡು ಹೋಲಿಸುವಾಗ ಸೌಂಡ್ ಸಮ ಇರಲಿ. ದನಿ ದೊಡ್ಡದಾದಂತೆ ತಗ್ಗಿನ ಸ್ವರಗಳು ಕಿವಿಗೆ ಜಾಸ್ತಿ ತುಂಬಿ ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಅಮೆರಿಕದ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಜೋರಾಗಿರುವ ಹಾಡು ಒಳ್ಳೆಯ ಹಾಡಿನಂತೆ ಕೇಳಿಸುವುದು ಅದಕ್ಕೇ. ಎಷ್ಟೋ ಜಗಳಗಳು ಬರೀ ಇದರಿಂದ ಆಗುತ್ತವೆ.

ಕೊನೆಗೆ ಹಾಡಿನ ಅಲಂಕಾರ ಬಿಚ್ಚಿ ನೋಡು. ಕೀಬೋರ್ಡ್, ಪ್ಯಾಡ್, ಎಕೋ ಎಲ್ಲ ತೆಗೆದು ತಂಬೂರಿ ಮತ್ತು ಪೆಟ್ಟಿಗೆ (ಹಾರ್ಮೋನಿಯಂ) ಮೇಲೆ ಹಾಡು. ನಿನ್ನ ಶ್ರುತಿ ಕರಿ ಒಂದು (ಪೆಟ್ಟಿಗೆಯ ಮೊದಲ ಕರಿ ಮನೆ) ಇದ್ದರೆ, ಕರಿ ಐದರಲ್ಲಿ ಹಾಡುವ ಗೆಳತಿಗೆ ಕಲಿಸಿ ಹಾಡಿಸು. ಅವಳು ಎರಡು ಸಲ ಕೇಳಿ ಪಲ್ಲವಿ ಹಿಡಿದರೆ ಹಾಡು ಗಟ್ಟಿಯಾಗಿ ನಿಂತಿದೆ. ಅವಳು ಎಲ್ಲಿ ತಡವರಿಸಿದಳೋ ಅಲ್ಲಿ ನಿನ್ನ ಮುಂದಿನ ವಾರದ ಕೆಲಸ ಇದೆ. ಆ "ಮಿಸ್ಸಿಂಗ್" ಗೆಳೆಯನಿಗೂ ಹಾಳೆ, ಪೆನ್ನು ಕೊಡು. ಜಾಗ ತೋರಿಸುತ್ತಾನಾ ನೋಡು. ತೋರಿಸಿದರೆ ಅವನೇ ನಿಮ್ಮಲ್ಲಿ ಒಳ್ಳೆಯ ಕಿವಿ ಇರುವವನು.

ಪ್ರಶ್ನೆ: ಬೇಂದ್ರೆಯವರ ಕವನಕ್ಕೆ ರಾಗ ಹಾಕಿದ್ದೇನೆ. ಹಂಚಿಕೊಳ್ಳಬಹುದಾ? (ಧಾರವಾಡ)

ಗೆಳೆಯರ ಮುಂದೆ ಕೂತು ಹಾಡಿ, ತಿದ್ದಿಸಿಕೊಳ್ಳಿ. ಊರಿಗೆಲ್ಲ ಬಿಡುಗಡೆ ಮಾಡುವ ಮೊದಲು ಹಕ್ಕುದಾರರ ಒಪ್ಪಿಗೆ ಬೇಕು. ಕವಿ ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆ ಹೋದದ್ದು 1981ರಲ್ಲಿ. ಅಂದರೆ 2041 ಮುಗಿಯುವವರೆಗೆ ಕಾಯಬೇಕು, ಇಲ್ಲವೇ ಕೇಳಬೇಕು. "ಅವರು ನಮ್ಮ ಸಾಧನಕೇರಿಯವರು, ಯಾರು ಏನಂತಾರೆ" ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ನಮ್ಮವರು ಅಂತಲೇ ಕೇಳಿ ಪಡೆಯಬೇಕು.

ಹೊಸದಾಗಿ ಶುರು ಮಾಡುವವರಿಗೆ ವಚನ, ಕನಕದಾಸರ ಕೀರ್ತನೆ, ಶಿಶುನಾಳ ಷರೀಫರ ಪದಗಳು ಇವೆ. ಷರೀಫರು ತೀರಿಕೊಂಡದ್ದು 1889ರಲ್ಲಿ, ಸಾಹಿತ್ಯಕ್ಕೆ ತಡೆ ಇಲ್ಲ. ಆದರೆ ಒಂದು ಎಚ್ಚರ. ಇವತ್ತು ನಮ್ಮ ಕಿವಿಯಲ್ಲಿರುವ ಷರೀಫರ ಎಷ್ಟೋ ಹಾಡುಗಳ ಧಾಟಿ ಸಿ. ಅಶ್ವತ್ಥ್ ಅವರದ್ದು. ಪದ ಹಳೆಯದು, ಧಾಟಿ ಹೊಸದು. ಅದನ್ನೇ ಸ್ವಲ್ಪ ತಿರುಚಿ "ನನ್ನ ಸಂಗೀತ" ಅಂತ ತರಬೇಡಿ. ನಮ್ಮಲ್ಲಿ ತಂದವರಿದ್ದಾರೆ. ವಾಪಸ್ ಕಳಿಸಿದ್ದೇನೆ.

ಪ್ರಶ್ನೆ: ಹಾಡು ಕಳಿಸಿದರೆ ಕದಿಯುತ್ತಾರೆ ಅಂತ ಭಯ. ಲಕೋಟೆಯಲ್ಲಿ ಹಾಕಿ ನಮಗೆ ನಾವೇ ಪೋಸ್ಟ್ ಮಾಡಿಕೊಂಡರೆ ಸಾಕಂತೆ, ನಿಜವಾ? (ಗದಗ)

ಅಲ್ಲ. ಆ ಲಕೋಟೆಯಿಂದ ಯಾವ ಹಕ್ಕೂ ಹೊಸದಾಗಿ ಹುಟ್ಟುವುದಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಾಡು ಕಟ್ಟಿ ಬರೆದಾಗ ಅಥವಾ ರೆಕಾರ್ಡ್ ಮಾಡಿದಾಗಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಸಾಕ್ಷಿಗೆ ಅನುಕೂಲ. ಸಂಗೀತ ಕೃತಿ ಒಂದಕ್ಕೆ ಸರ್ಕಾರಿ ಶುಲ್ಕ 500 ರೂಪಾಯಿ. ಸಾಹಿತ್ಯ ಬೇರೆ ಕೃತಿ, ಸಂಗೀತ ಬೇರೆ ಕೃತಿ ಅನ್ನುವುದು ನೆನಪಿರಲಿ. ಇಬ್ಬರು ಸೇರಿ ಮಾಡಿದ್ದರೆ ಯಾರದು ಏನು ಅಂತ ಅವತ್ತೇ ಬರೆದಿಡಿ. ಗೆಳೆತನ ಚೆನ್ನಾಗಿರುವಾಗಲೇ ಬರೆದಿಡಬೇಕು.

"ಬೇರೆಯವರ ಹಾಡಿನಿಂದ ಏಳು ಸೆಕೆಂಡ್ ತನಕ ತಗೊಂಡರೆ ಕಳ್ಳತನ ಅಲ್ಲ" ಅನ್ನುವುದು ಶುದ್ಧ ಸುಳ್ಳು. ಅಂಥ ನಿಯಮ ಎಲ್ಲೂ ಇಲ್ಲ.

ನನ್ನ ಎಚ್ಚರಿಕೆ ಸ್ವಲ್ಪ ಜಾಸ್ತಿ ಅನಿಸಬಹುದು. ಬಹಳ ಹಿಂದೆ ನಾನು ನಂಬಿ ಕೇಳಿಸಿದ ಒಂದು ಧಾಟಿ ಬೇರೆಯವರ ಹೆಸರಿನಲ್ಲಿ ಕ್ಯಾಸೆಟ್‌ನಲ್ಲಿ ಬಂತು. ನನ್ನ ಹತ್ತಿರ ತಾರೀಖು ಇರುವ ಒಂದು ಹಾಳೆಯೂ ಇರಲಿಲ್ಲ. ಅವತ್ತಿನಿಂದ ಪ್ರತಿ ಕರಡನ್ನೂ ತಾರೀಖು ಸಮೇತ ಇಡುತ್ತೇನೆ. ಗುನುಗಿದ್ದು, ಅರ್ಧಕ್ಕೆ ಬಿಟ್ಟದ್ದು, ತಪ್ಪಿದ್ದು ಎಲ್ಲ. ನೀವೂ ಇಡಿ. ಮುಖ ನೋಡದವರಿಗೆ ಹಾಡು ಕೇಳಿಸಬಹುದು, ಹಾಡಿನ ಬಿಡಿ ಬಿಡಿ ಟ್ರ್ಯಾಕ್ (ದನಿ, ವಾದ್ಯ ಬೇರೆ ಬೇರೆ ಇರುವ ಫೈಲ್) ಮಾತ್ರ ಕೊಡಬೇಡಿ.

ಪ್ರಶ್ನೆ: 4,000 ರೂಪಾಯಿ ಕೊಟ್ಟರೆ ಒಂದು ಲಕ್ಷ ಪ್ಲೇ ಗ್ಯಾರಂಟಿ ಅಂತ ಒಬ್ಬರು ಹೇಳಿದ್ದಾರೆ. (ಹಾವೇರಿ)

ಕೊಡಬೇಡಿ. ಅವು ಮನುಷ್ಯರು ಕೇಳಿದ ಪ್ಲೇ ಅಲ್ಲ, ಸಿಕ್ಕಿಬಿದ್ದರೆ ಆ್ಯಪಿನವರು ನಿಮ್ಮ ಹಾಡನ್ನೇ ತೆಗೆದುಹಾಕುತ್ತಾರೆ. ಮನೆಯವರು ಬೆವರು ಸುರಿಸಿ ಕಳಿಸಿದ ದುಡ್ಡಿನಲ್ಲಿ ಮಕ್ಕಳು ಇಂಥವರಿಗೆ ಕೊಡುವುದು ನೋಡಿ ನನಗೆ ಸಿಟ್ಟು ಬರುತ್ತದೆ. ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸಲವೂ ಕೇಳದ ಹಾಡಿಗೆ ರಾಯಲ್ಟಿ ಕೊಡುವುದಿಲ್ಲ. ಹೊಸಬರಿಗೆ ಅಲ್ಲಿಂದ ದುಡ್ಡು ಬರುತ್ತದೆ ಅನ್ನುವ ಆಸೆಯನ್ನೇ ಈ ಏಜೆಂಟರು ಮಾರುತ್ತಿದ್ದಾರೆ. ಆ 4,000ದಲ್ಲಿ ಒಂದು ಸಾಧಾರಣ ಮೈಕ್ ಬರುತ್ತದೆ.

ಪ್ರಶ್ನೆ: ಸಾಮಾನ್ಯವಾಗಿ ಇಡುವ 440 ಬಿಟ್ಟು 432 ಹರ್ಟ್ಸ್‌ಗೆ (ಸೆಕೆಂಡಿಗೆ ಅಷ್ಟು ಕಂಪನ) ಶ್ರುತಿ ಮಾಡಿದರೆ ಕೇಳುವವರ ರೋಗ ಗುಣವಾಗುತ್ತದಂತೆ?

ಇಲ್ಲ. ನಮ್ಮ ಸಂಗೀತದಲ್ಲಿ ಷಡ್ಜಕ್ಕೆ ಗೊತ್ತಾದ ಹರ್ಟ್ಸೇ ಇಲ್ಲ, ಹಾಡುವವರ ಗಂಟಲು ಎಲ್ಲಿ ನಿಲ್ಲುತ್ತದೋ ಅಲ್ಲಿ ಷಡ್ಜ. ರೋಗ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಇದನ್ನು ಹೇಳಿ ಕ್ಲಾಸ್ ಫೀ ತಗೊಳ್ಳುವವರ ಹತ್ತಿರ ಹೋಗಬೇಡಿ.

ಪ್ರಶ್ನೆ: ಶಾಸ್ತ್ರೀಯ ಕಲಿತಿಲ್ಲ. ಭೀಮಪಲಾಸ್ ರಾಗದಲ್ಲಿ ಹಾಡು ಮಾಡಿದೆ. ಕೇಳಿದವರು ರಾಗ ತಪ್ಪಿದೆ ಅಂತ ಬೈದರು. (ಗದಗ)

ಭೀಮಪಲಾಸ್ ಅಂತ ಹೆಸರು ಬರೆದಿದ್ದರೆ ಅವರು ಬೈದದ್ದು ಸರಿ. ಸ್ವರ ಮೇಲಕ್ಕೆ ಹತ್ತುವಾಗ ರಿ, ಧ ಬಿಡಬೇಕು, ನೀವು ಬಿಟ್ಟಿಲ್ಲ. ಹೆಸರು ಬರೆಯದೆ ಬರೀ ಹಾಡು ಅಂತ ಕೊಟ್ಟಿದ್ದರೆ ಬೈದವರದ್ದೇ ತಪ್ಪು. ಹಾಡು ಕೇಳಿದ ತಕ್ಷಣ ರಾಗದ ಲೆಕ್ಕಕ್ಕೆ ಇಳಿಯುವ ಚಾಳಿ ನಮ್ಮ ಕಡೆ ಜಾಸ್ತಿ. ನಿಮ್ಮ ಊರಿನಲ್ಲೇ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮ ಇದೆ. ಹೋಗಿ ಆರು ತಿಂಗಳು ಸ್ವರ ಕಲಿಯಿರಿ. ಬೈಗುಳ ತಪ್ಪಿಸಿಕೊಳ್ಳಲು ಅಲ್ಲ, ನಿಮ್ಮ ಕೈಗೆ ಸ್ವರ ಜಾಸ್ತಿ ಸಿಗಲಿ ಅಂತ.

ಪ್ರಶ್ನೆ: ಎಐ ಮಾಡಿದ ಹಾಡನ್ನು ನಿಮ್ಮ ಕೂಟಕ್ಕೆ ತರಬಹುದಾ?

ಬೇಡ. ತಿದ್ದಿಕೊಂಡು ಕಲಿಯುವವರು ಎದುರಿಗೆ ಇಲ್ಲದಿದ್ದರೆ ಹತ್ತು ಜನ ಹಾಳೆ ಹಿಡಿದು ಕೂರುವುದು ಯಾರಿಗಾಗಿ?

ಪ್ರಶ್ನೆ: ವಾಟ್ಸಾಪ್‌ನಲ್ಲಿ ಕಳಿಸಿದ ಹಾಡು ಮಂಕಾಗಿ ಕೇಳುತ್ತದೆ.

ವಾಯ್ಸ್ ನೋಟ್ ಮಾಡಿ ಕಳಿಸಬೇಡಿ. ಫೈಲನ್ನು ಡಾಕ್ಯುಮೆಂಟ್ ಅಂತ ಕಳಿಸಿ.

ಪ್ರಶ್ನೆ: ನಿಮಗೇ ನನ್ನ ಹಾಡು ಕಳಿಸಲೇ? (ರಾಣೆಬೆನ್ನೂರು)

ಕಳಿಸಿ ತಂಗಿ. ಒಂದೇ ಹಾಡು, ಜೊತೆಗೆ ಒಂದೇ ಪ್ರಶ್ನೆ. "ಹೇಗಿದೆ" ಅನ್ನುವುದು ಪ್ರಶ್ನೆ ಅಲ್ಲ. "ಚರಣದಿಂದ ಪಲ್ಲವಿಗೆ ವಾಪಸ್ ಬರುವಾಗ ಜರ್ಕ್ ಆಗುತ್ತಾ?" ಅಂತ ಕೇಳಿದರೆ ಅದು ಪ್ರಶ್ನೆ. ಸಾಹಿತ್ಯವನ್ನು ಬೇರೆ ಹಾಳೆಯಲ್ಲಿ ಬರೆದು ಕಳಿಸಬೇಡಿ. ಹಾಡಿನಲ್ಲೇ ಕೇಳಿಸಬೇಕು.