ಸೈಟು, ಗೋಡೆ, ಪಕ್ಕದ ಮನೆ: ಹಳೆಯ ಸರ್ವೇಯರ್‌ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪಿಜಿ ಬಗ್ಗೆಯೇ ಇವೆ. ಎಲ್ಲದರ ತಿರುಳು ಒಂದೇ. ಅದಕ್ಕೆ ಒಂದನ್ನು ಆರಿಸಿಕೊಂಡು ಸ್ವಲ್ಪ ಉದ್ದವಾಗಿಯೇ ಬರೆದಿದ್ದೇನೆ.

ನಾವು ಮೈಸೂರಿನ ಕುವೆಂಪುನಗರದಲ್ಲಿ 28 ವರ್ಷದಿಂದ ಇದ್ದೇವೆ. ಪಕ್ಕದ 40×60 ಸೈಟಿನ ಮನೆಯನ್ನು ಮಾಲೀಕರ ಮಗ ಹುಡುಗರ ಪಿಜಿ ಮಾಡಿದ್ದಾನೆ. 30 ಹುಡುಗರಿದ್ದಾರೆ. ನಮ್ಮ ಗೇಟಿನ ಮುಂದೆಲ್ಲ ಬೈಕು. ಬೇಸಿಗೆಯಲ್ಲಿ ನಲ್ಲಿ ನೀರು ಸಣ್ಣಗೆ ಬರುತ್ತೆ. ಮೋರಿ ಎರಡು ಸಲ ಕಟ್ಟಿಕೊಂಡಿತು. ವಸತಿ ಬಡಾವಣೆಯಲ್ಲಿ ಇದಕ್ಕೆ ಅವಕಾಶ ಇದೆಯಾ? ನಿಲ್ಲಿಸೋದು ಹೇಗೆ?
— ನಿವೃತ್ತ ಶಿಕ್ಷಕಿ, ಹೆಸರು ಬೇಡ ಅಂದಿದ್ದಾರೆ

ಮೇಡಂ, ಮೊದಲೇ ಹೇಳಿಬಿಡುತ್ತೇನೆ. ಪಿಜಿ ಅಂದ ಕೂಡಲೇ ಮೂಗು ಮುರಿಯುವವನು ನಾನಲ್ಲ. ಹುಟ್ಟಿ ಬೆಳೆದದ್ದು ಅಗ್ರಹಾರದ ಹತ್ತಿರದ ಒಂದು ವಠಾರದಲ್ಲಿ. ಒಂಬತ್ತು ಸಂಸಾರ, ಒಂದು ಬಾವಿ, ಒಂದು ನಲ್ಲಿ, ಹಿತ್ತಲಲ್ಲಿ ಎರಡು ಕಕ್ಕಸು. ಅಲ್ಲಿ ನಡೆಯುತ್ತಿದ್ದ ಜಗಳಗಳನ್ನು ಈಗ ನೆನೆಸಿಕೊಂಡರೆ ಒಂದೂ ಯಾರ ಕೋಣೆಯ ಒಳಗಿನದೂ ಆಗಿರಲಿಲ್ಲ. ನಲ್ಲಿ ಯಾರ ಸರದಿ, ಹಗ್ಗದ ಮೇಲೆ ಯಾರ ಸೀರೆ, ಮೋರಿಗೆ ಅನ್ನ ಚೆಲ್ಲಿದ್ದು ಯಾರು, ಬರೀ ಇಷ್ಟೇ. ನಿಮ್ಮ ಪತ್ರ ಓದಿದಾಗಲೂ ನನಗೆ ಅದೇ ಕಂಡಿತು. ಹುಡುಗರ ಮೇಲೆ ನಿಮ್ಮ ದೂರಿಲ್ಲ. ದೂರು ಇರೋದು ರಸ್ತೆ, ನೀರು, ಮೋರಿ ಬಗ್ಗೆ. ಕಚೇರಿಗೆ ಹೋಗುವಾಗಲೂ ಈ ಮೂರನ್ನೇ ಹಿಡಿದುಕೊಂಡು ಹೋಗಿ. 'ಪಿಜಿ ಮುಚ್ಚಿಸಿ' ಅಂತ ಬರೆದ ಅರ್ಜಿ ಮೇಜಿನ ಮೇಲೆ ಮಲಗುತ್ತದೆ.

ಕೇಳಬೇಕಾದ್ದು ಹೀಗೆ. ಮನೆಗೆ ಮಂಜೂರಾದ ನಕ್ಷೆ ಯಾವುದು? ಎಷ್ಟು ಅಂತಸ್ತಿಗೆ ಒಪ್ಪಿಗೆ ಇತ್ತು, ಈಗ ಎಷ್ಟಿದೆ? ಪಕ್ಕದ ಸೆಟ್‌ಬ್ಯಾಕ್, ಅಂದರೆ ಗೋಡೆಗೂ ಸೈಟಿನ ಗಡಿಗೂ ನಡುವೆ ಬಿಡಬೇಕಾದ ಜಾಗ, ಖಾಲಿ ಇದೆಯಾ, ಅಥವಾ ಶೀಟು ಹಾಕಿ ಅಡುಗೆಮನೆ ಮಾಡಿದ್ದಾರಾ? ಪಾಲಿಕೆಯ ಉದ್ದಿಮೆ ಪರವಾನಗಿ ತೆಗೆದುಕೊಂಡಿದ್ದಾರಾ? ಊಟ ಹಾಕುತ್ತಾರೆ ಅಂದರೆ ಆಹಾರ ಸುರಕ್ಷತೆಯ ನೋಂದಣಿ ಬೇರೆ ಬೇಕು. ಬಾಯಿಮಾತಿನಲ್ಲಿ ಕೇಳಿದರೆ ಯಾರೂ ಹೇಳೋಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ, 10 ರೂಪಾಯಿ ಶುಲ್ಕ. ನೀವು ಕನ್ನಡ ಮೇಡಂ ಆಗಿದ್ದವರು, 150 ಪದ ಧಾರಾಳ. ಅವರು 30 ದಿನದೊಳಗೆ ಉತ್ತರ ಕೊಡಬೇಕು.

ಒಂದು ಪಿಜಿ ಎಷ್ಟು ಜನಕ್ಕೆ ಸಾಕು ಅನ್ನೋದಕ್ಕೆ ಒಂದು ಅಳತೆ ಬೇಕಲ್ವಾ? ಬೆಂಗಳೂರಿನ ಪಾಲಿಕೆ 2024ರಲ್ಲಿ ಪಿಜಿಗಳಿಗೆ ನಿಯಮ ಮಾಡಿತು. ತಲೆಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಜೊತೆಗೆ ಸಿಸಿ ಕ್ಯಾಮೆರಾ. ಅದು ಬೆಂಗಳೂರಿನ ನಿಯಮ, ಇಲ್ಲಿಗೆ ತಂದು ಹೇರುವ ಹಾಗಿಲ್ಲ. ಆದರೂ ಲೆಕ್ಕಕ್ಕೆ ಒಳ್ಳೆಯದು. 30 ಹುಡುಗರಿಗೆ ದಿನಕ್ಕೆ 4,050 ಲೀಟರ್ ಆಯಿತು. ನಾಲ್ಕೈದು ಜನರ ಸಂಸಾರಕ್ಕೆ ಅಂತ ವಾಣಿವಿಲಾಸ ನೀರು ಸರಬರಾಜಿನವರು ಕೊಟ್ಟ ಸಂಪರ್ಕದಲ್ಲಿ ಅಷ್ಟು ನೀರು ಎಲ್ಲಿಂದ ಬರಬೇಕು? ಇನ್ನು ಕೋಣೆ. 10×12 ಅಡಿಯ ಕೋಣೆ ಅಂದರೆ 120 ಚದರ ಅಡಿ. ಆ ನಿಯಮದ ಪ್ರಕಾರ ಅಲ್ಲಿ ಇಬ್ಬರಿಗೂ ಜಾಗ ಸಾಲದು. ನಮ್ಮೂರಲ್ಲಿ ಅದೇ ಕೋಣೆಗೆ ಮೂರು ಮಂಚ ಹಾಕಿರುವುದನ್ನು ನಾನೇ ನೋಡಿದ್ದೇನೆ. ಆ ಹುಡುಗರ ಪಾಡೂ ಪಾಡೇ. ನಿಮ್ಮ ಅರ್ಜಿಯಿಂದ ಅವರಿಗೂ ಉಪಕಾರ ಆಗಬಹುದು.

ಇದು ಇವತ್ತಿನ ಕಥೆಯೇನೂ ಅಲ್ಲ. ಪ್ಲೇಗ್ ಬಂದು ಹಳೇ ಮೈಸೂರಿನ ಕಿಷ್ಕಿಂಧೆಯಂಥ ಬೀದಿಗಳಲ್ಲಿ ಜನ ಸತ್ತ ಮೇಲೆ, 1903ರಲ್ಲಿ ನಗರ ಸುಧಾರಣೆಗೆ ಅಂತ ಒಂದು ಟ್ರಸ್ಟ್ ಬೋರ್ಡ್ ಆಯಿತು. ದೇಶದಲ್ಲೇ ಮೊದಮೊದಲಿನ ಇಂಥ ಮಂಡಳಿಗಳಲ್ಲಿ ಅದೂ ಒಂದು. ಗಾಳಿ, ಬೆಳಕು, ಅಗಲ ರಸ್ತೆ ಇರುವ ಹೊಸ ಬಡಾವಣೆಗಳು ಬಂದವು. ಹಳೆಯ ಬಡಾವಣೆಗಳಲ್ಲಿ ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಅಂತ ಇದೆಯಲ್ಲ, ಮನೆಯ ಕೊಳಕು ಮುಂದಿನ ರಸ್ತೆಗೆ ಬರಬಾರದು ಅಂತ ಬಿಟ್ಟ ಜಾಗ ಅದು. ಈಗ ಅಲ್ಲಿ ಏನಿದೆ ಅಂತ ನಾನು ಹೇಳಬೇಕಾಗಿಲ್ಲ. 1988ರಲ್ಲಿ ಆ ಕೆಲಸ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ಅಂದರೆ ಮುಡಾಗೆ ಬಂತು. ಈಗ ಅದು ಮೈಸೂರು ಅಭಿವೃದ್ಧಿ ಪ್ರಾಧಿಕಾರ. ಬೋರ್ಡು ಬದಲಾದರೂ ಪ್ರಶ್ನೆ ಹಳೆಯದೇ, ಇಷ್ಟು ಜಾಗಕ್ಕೆ ಎಷ್ಟು ಜನ?

ಅರ್ಜಿ ಹಾಕುವ ಮುಂಚೆ ಆ ಮಾಲೀಕರ ಮಗನನ್ನು ಒಂದು ಸಲ ಕಾಫಿಗೆ ಕರೆಯಿರಿ. ಬೈಕು ನಿಲ್ಲಿಸೋಕೆ ಕಾಂಪೌಂಡಿನ ಒಳಗೇ ಜಾಗ ಮಾಡಿಸಿದರೆ ನಿಮ್ಮ ಅರ್ಧ ತಲೆನೋವು ಹೋಗುತ್ತದೆ.

ನಾವು ಮೂರು ಜನ ಸ್ನೇಹಿತೆಯರು, ಮೂವರೂ ಒಂಟಿ, ಮೂವರಿಗೂ ಪಿಂಚಣಿ ಬರುತ್ತೆ. ಬೋಗಾದಿ ಕಡೆ 30×40 ಸೈಟಿನಲ್ಲಿ ಒಂದು ಮನೆ ನೋಡಿದ್ದೇವೆ. ಮೂವರೂ ದುಡ್ಡು ಹಾಕಿ ಕೊಂಡು ಒಟ್ಟಿಗೆ ಇರೋಣ, ಅಡುಗೆಮನೆ ಒಂದೇ ಸಾಕು ಅಂತ ಆಸೆ. ಯಾರ ಹೆಸರಿಗೆ ರಿಜಿಸ್ಟರ್ ಮಾಡಿಸೋದು?
— ಸರಸ್ವತಿಪುರಂ ಓದುಗರು

ಮೂವರ ಹೆಸರಿಗೂ ಮಾಡಿಸಿ. 'ಒಬ್ಬಳ ಹೆಸರಲ್ಲಿ ಇರಲಿ, ನಮ್ಮನಮ್ಮಲ್ಲಿ ಏನು' ಅನ್ನುವ ಮಾತು ಕಾಫಿ ಕುಡಿಯುವಾಗ ಚೆನ್ನ. ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೇಡ. ಯಾರು ಎಷ್ಟು ಹಾಕಿದರು, ಯಾರ ಪಾಲು ಎಷ್ಟು ಅಂತ ಕ್ರಯಪತ್ರದಲ್ಲೇ ಬರೆಸಿ. ಮನೆಯ ಖಾತೆಯೂ ಜಂಟಿಯಾಗಿ ಆಗಲಿ.

ಒಂದು ವಿಷಯ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಒಬ್ಬರು ತೀರಿಕೊಂಡರೆ ಅವರ ಪಾಲು ಉಳಿದ ಇಬ್ಬರಿಗೆ ತಾನಾಗಿ ಬರುವುದಿಲ್ಲ. ಅವರ ವಾರಸುದಾರರಿಗೆ ಹೋಗುತ್ತದೆ. ಎಂದೂ ಮುಖ ತೋರಿಸದ ಅಣ್ಣನ ಮಗ ಒಂದು ಬೆಳಿಗ್ಗೆ ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಿರಬಹುದು. ಬದುಕಿರುವಾಗಲೂ ಅಷ್ಟೇ, ಒಬ್ಬರು ತಮ್ಮ ಪಾಲನ್ನು ಹೊರಗಿನವರಿಗೆ ಮಾರಬಹುದು. ಅದಕ್ಕೆ ಮೂವರೂ ವಿಲ್ ಮಾಡಿ. ಪಾಲು ಮಾರುವುದಾದರೆ ಮೊದಲು ಉಳಿದವರನ್ನು ಕೇಳಬೇಕು, ಬೆಲೆ ಹೀಗೆ ಕಟ್ಟಬೇಕು ಅಂತ ಒಂದು ಒಪ್ಪಂದವನ್ನೂ ವಕೀಲರ ಹತ್ತಿರ ಬರೆಸಿ.

ಸೈಟನ್ನು ಆಮೇಲೆ ಮೂರು ತುಂಡು ಮಾಡಿಕೊಳ್ಳೋಣ ಅನ್ನುವ ಯೋಚನೆ ಇದ್ದರೆ ಬಿಡಿ. 1,200 ಚದರ ಅಡಿಯಲ್ಲಿ ತಲಾ 400. ಅದರಲ್ಲಿ ಮನೆ ಏನು ಬರುತ್ತೆ, ಅದಕ್ಕೆ ನಕ್ಷೆ ಯಾರು ಕೊಡುತ್ತಾರೆ?

ಇನ್ನು ಅಡುಗೆಮನೆ. ಇದು ಕಾನೂನಿನ ಮಾತಲ್ಲ, ವಠಾರದವನ ಮಾತು. ಮೂರು ಕೋಣೆಗೂ ಬೇರೆ ಬೇರೆ ಬಾತ್‌ರೂಮ್ ಮಾಡಿಸಿ. ಅಡುಗೆಮನೆ ಒಂದೇ ಇರಲಿ, ಸಂತೋಷ. ಆದರೆ ಪ್ರತಿ ಕೋಣೆಯಲ್ಲೂ ಒಂದು ಕಾಫಿ ಕಾಯಿಸುವಷ್ಟು ಕಟ್ಟೆ, ಒಂದು ಪ್ಲಗ್ ಪಾಯಿಂಟ್ ಇರಲಿ. ಬೆಳಿಗ್ಗೆ ಐದಕ್ಕೆ ಏಳುವವರೂ ಏಳಕ್ಕೆ ಏಳುವವರೂ ಒಂದೇ ಡಿಕಾಕ್ಷನ್‌ಗೆ ಕಾಯುತ್ತಾ ಕೂತರೆ ಸ್ನೇಹ ಬಹಳ ದಿನ ಉಳಿಯೋಲ್ಲ.

ಕಡಕೊಳದ ಕಡೆ ನಮ್ಮದು 2 ಎಕರೆ ಜಮೀನಿದೆ. ಪಹಣಿ ಇನ್ನೂ ತೀರಿಹೋದ ನಮ್ಮಪ್ಪನ ಹೆಸರಲ್ಲೇ ಇದೆ. ಒಬ್ಬರು ಬಂದು ಜಂಟಿಯಾಗಿ ಲೇಔಟ್ ಮಾಡೋಣ, ನಿಮಗೆ ಅರ್ಧ ನಮಗೆ ಅರ್ಧ ಅಂತಿದ್ದಾರೆ. ಅರ್ಧ ಅಂದರೆ ಒಂದು ಎಕರೆ ನಮಗೇ ಉಳಿಯುತ್ತಲ್ಲ ಸ್ವಾಮಿ, ಒಪ್ಪಬಹುದಾ?
— ರೈತ ಓದುಗರು

ಉಳಿಯುವುದಿಲ್ಲ ಕಣಣ್ಣ. ಇಲ್ಲೇ ಎಲ್ಲರೂ ಎಡವೋದು.

33 ಅಡಿ ಸರಪಳಿ ಹಿಡಿದು ಜೀವನ ಸವೆಸಿದವನು ನಾನು, ಲೆಕ್ಕ ಹಾಕಿ ತೋರಿಸುತ್ತೇನೆ. 33 ಅಡಿಗೆ 33 ಅಡಿ ಅಂದರೆ ಒಂದು ಗುಂಟೆ, 1,089 ಚದರ ಅಡಿ. 40 ಗುಂಟೆ ಒಂದು ಎಕರೆ. ನಿಮ್ಮದು 80 ಗುಂಟೆ. ಲೇಔಟ್ ಆದಾಗ ರಸ್ತೆ, ಪಾರ್ಕು, ಶಾಲೆ-ಆಸ್ಪತ್ರೆಯಂಥ ನಾಗರಿಕ ಸೌಲಭ್ಯದ ಜಾಗ, ಇಷ್ಟೂ ಹೋಗಬೇಕು. ಸೈಟಿಗೆ ಉಳಿಯುವುದು ಸುಮಾರು ಅರ್ಧ ಅಂತ ಇಟ್ಟುಕೊಳ್ಳಿ, 40 ಗುಂಟೆ. ಅದರಲ್ಲಿ ನಿಮಗೆ ಅರ್ಧ ಅಂದರೆ 20 ಗುಂಟೆ. 30×40 ಸೈಟು 18 ಬರುತ್ತವೆ. ಎಕರೆಗೆ ಒಂಬತ್ತು. ಇದು ಕಡಿಮೆ ಅಂತ ನಾನು ಹೇಳುತ್ತಿಲ್ಲ. ರಸ್ತೆ, ಮೋರಿ, ಕರೆಂಟು ಬಂದ ಸೈಟಿನ ಬೆಲೆಯೇ ಬೇರೆ. ಆದರೆ ಒಂದು ಎಕರೆ ಅಂದುಕೊಂಡು ಸಹಿ ಹಾಕಬೇಡಿ. ಪ್ರಾಧಿಕಾರದ ಜೊತೆ ಮಾಡಿಕೊಳ್ಳುವ 50:50 ಆದರೂ ಅಭಿವೃದ್ಧಿಯಾದ ಸೈಟಿನಲ್ಲಿ ಅರ್ಧವೇ ಹೊರತು ಭೂಮಿಯಲ್ಲಿ ಅರ್ಧ ಅಲ್ಲ.

ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ಅಪ್ಪನ ಹೆಸರಿನ ಪಹಣಿ ವಾರಸುದಾರರ ಹೆಸರಿಗೆ ಬರಲಿ. ನಿಮಗೆ ಅಕ್ಕತಂಗಿಯರು ಇದ್ದರೆ ಅವರಿಗೂ ಸಮಪಾಲು ಇದೆ. 'ಅವರು ಕೇಳೋಲ್ಲ ಸ್ವಾಮಿ' ಅಂತ ನೀವು ಹೇಳಬಹುದು. ಸೈಟಿನ ಬೆಲೆ ಕೇಳಿದ ಮೇಲೆ ಭಾವಂದಿರು ಕೇಳುತ್ತಾರೆ. ಆಮೇಲೆ ಪೋಡಿ, ಅಂದರೆ ನಿಮ್ಮ ಹಿಸ್ಸೆಯನ್ನು ಅಳೆದು ಬೇರೆ ಮಾಡುವ ಕೆಲಸ, ಆಗಿದೆಯಾ ನೋಡಿ. ಜಮೀನು ಸರ್ಕಾರದಿಂದ ಮಂಜೂರಾಗಿ ಬಂದದ್ದಾ ಅನ್ನೋದನ್ನೂ ನೋಡಿ. ಪರಿಶಿಷ್ಟರಿಗೆ ಮಂಜೂರಾದ ಭೂಮಿಯಾದರೆ 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಮಾಸ್ಟರ್ ಪ್ಲಾನ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹಳದಿಯಲ್ಲಿದ್ದರೆ ವಸತಿ, ಹಸಿರಲ್ಲಿದ್ದರೆ ವ್ಯವಸಾಯ. ಹಸಿರಾದರೆ ಮೊದಲು ಭೂ ಉಪಯೋಗ ಬದಲಾವಣೆ ಆಗಬೇಕು, ಅದಕ್ಕೆ ಚಪ್ಪಲಿ ಸವೆಯುತ್ತದೆ. ಅಲಿನೇಷನ್ (ವ್ಯವಸಾಯದ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸುವುದು), ಲೇಔಟ್ ನಕ್ಷೆಯ ಒಪ್ಪಿಗೆ ಇವೆಲ್ಲ ಆಮೇಲಿನ ಮಾತು. 500 ಚದರ ಮೀಟರ್ ದಾಟಿದ ಯೋಜನೆ ಆದ್ದರಿಂದ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗದೆ ಅವರು ಸೈಟು ಮಾರುವಂತಿಲ್ಲ, ಜಾಹೀರಾತು ಕೊಡುವಂತೆಯೂ ಇಲ್ಲ. ನಿಮ್ಮಿಂದ ಜಿಪಿಎ, ಅಂದರೆ ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರ, ಬರೆಸಿಕೊಳ್ಳಲು ಅವಸರ ಮಾಡಿದರೆ ಒಂದು ವಾರ ಊರಲ್ಲಿಲ್ಲ ಅಂದುಬಿಡಿ.

ನನ್ನದೇ ಒಂದು ಕಥೆ ಹೇಳಬೇಕು, ನಾಚಿಕೆಯದು. ರಿಂಗ್ ರೋಡಿನ ಆಚೆ ನಾನೂ ಒಂದು ಸೈಟು ತೆಗೆದುಕೊಂಡೆ. ನನ್ನ ಸೈಟಿನ ನಾಲ್ಕು ಮೂಲೆಯನ್ನೂ ನಾನೇ ಟೇಪು ಹಿಡಿದು ಅಳೆದೆ, ಒಂದು ಅಂಗುಲ ಆಚೀಚೆ ಇರಲಿಲ್ಲ. ಎದುರಿಗೆ ಪಾರ್ಕು ಅಂತ ಕರಪತ್ರದಲ್ಲಿ ಹಸಿರು ಬಣ್ಣ ಬಳಿದಿದ್ದರು. ಅದನ್ನು ಅಳೆಯಲಿಲ್ಲ. ಹನ್ನೊಂದು ವರ್ಷ ಆದ ಮೇಲೆ ಒಂದು ದಿನ ಅಲ್ಲಿ ಕಲ್ಲುಕಂಬ ನೆಟ್ಟು ತಂತಿ ಬೇಲಿ ಹಾಕಿದರು. ಆ ಜಾಗ ಬೇರೆಯವರ ಸರ್ವೆ ನಂಬರು. ಗ್ರಾಮ ನಕ್ಷೆ ನನ್ನ ಬೀರುವಿನಲ್ಲೇ ಇತ್ತು. ತೆಗೆದು ನೋಡಿದ್ದರೆ ಐದು ನಿಮಿಷದ ಕೆಲಸ. ಹೆಂಡತಿ ಈಗಲೂ 'ಪಾರ್ಕಿಗೆ ವಾಕಿಂಗ್ ಹೋಗೋಣ್ವಾ?' ಅಂತ ಕೇಳುತ್ತಾಳೆ.

ಮಂಡ್ಯ ಪಕ್ಕದ ಹಳ್ಳಿಯಲ್ಲಿ ಕಡಿಮೆ ಬೆಲೆಗೆ ಸೈಟು ಸಿಗ್ತಿದೆ. 11ಬಿ ಇದೆ, ಅದೂ ಖಾತೆನೇ ಅಂತಾರೆ. ತಗೋಬಹುದಾ?
— ಮಂಡ್ಯ

ಇವೆಲ್ಲ ಪಂಚಾಯಿತಿ ಆಸ್ತಿಗೆ ಕೊಡುವ ನಮೂನೆಗಳು. 9 ಮತ್ತು 11ಎ ಒಂದು ಜಾತಿ, 11ಬಿ ಇನ್ನೊಂದು. 11ಬಿ ಅಂದರೆ ಪಂಚಾಯಿತಿ ಕಂದಾಯ ಕಟ್ಟಿಸಿಕೊಳ್ಳುತ್ತಿದೆ ಅಂತ ಅರ್ಥ. ಲೇಔಟಿಗೆ ಒಪ್ಪಿಗೆ ಸಿಕ್ಕಿದೆ ಅಂತ ಅಲ್ಲ. ಬೆಲೆ ಕಡಿಮೆ ಇರೋದೇ ಅದಕ್ಕೆ. ಜೊತೆಗೆ ಮಂಡ್ಯ ಸೀಮೆ ಅಂದರೆ ನಾಲೆ ನೀರಿನ ಗದ್ದೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಿರುವಾಗ ಹೋಗಿ ಆ ಸೈಟಿನ ಮೇಲೆ ನಿಂತು ನೋಡಿ. ಚಪ್ಪಲಿ ಒದ್ದೆಯಾದರೆ ಹಾಗೇ ಬಸ್ಸು ಹತ್ತಿ ವಾಪಸ್ ಬನ್ನಿ.

ನಮ್ಮ ಬಡಾವಣೆಯ ಪಾರ್ಕಿನ ಮೂಲೆಯಲ್ಲಿ ಪುಟ್ಟ ಗಣಪತಿ ಗುಡಿ ಕಟ್ಟಬೇಕು ಅಂತ ನಿವಾಸಿಗಳೆಲ್ಲ ಒಪ್ಪಿದ್ದೇವೆ. ತಕರಾರು ಬರುತ್ತಾ?
— ಜೆ.ಪಿ. ನಗರ, ಮೈಸೂರು

ಬರುತ್ತೆ. ಉದ್ಯಾನ, ಆಟದ ಮೈದಾನಗಳನ್ನು ಕಾಯಲಿಕ್ಕೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಸಾರ್ವಜನಿಕ ಪಾರ್ಕು, ರಸ್ತೆಗಳಲ್ಲಿ ಹೊಸದಾಗಿ ಗುಡಿ, ಮಸೀದಿ, ಚರ್ಚು ಯಾವುದಕ್ಕೂ ಅವಕಾಶ ಕೊಡಬೇಡಿ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. ಚೌತಿಗೆ ಅನುಮತಿ ತೆಗೆದುಕೊಂಡು ಪೆಂಡಾಲ್ ಹಾಕಿ. ಗಣಪತಿ ಬಂದು ಹೋಗುವ ದೇವರು, ಅವನಿಗೆ ಖಾತೆ ಮಾಡಿಸೋದು ಬೇಡ.

ಇನ್ನೊಂದು ಮಾತು. ಪತ್ರದ ಜೊತೆ ಪಹಣಿ ಜೆರಾಕ್ಸ್ ಇಡುವವರು ದಯವಿಟ್ಟು ನಾಲ್ಕು ಮಡಿಕೆ ಮಾಡಬೇಡಿ. ಮಡಿಕೆ ಸರಿಯಾಗಿ ಸರ್ವೆ ನಂಬರಿನ ಮೇಲೇ ಬಿದ್ದಿರುತ್ತೆ.