ಲಿವ್-ಇನ್ ಜೋಡಿ ಬೇರೆಯಾದ ಮೇಲೆ ನಾಯಿಯ ಆಸ್ಪತ್ರೆ ಖರ್ಚಿನಲ್ಲಿ ಅರ್ಧ ಕೇಳಬಹುದೇ?

ಕೊಡುತ್ತೇನೆಂದು ಒಪ್ಪಿದ್ದಕ್ಕೆ ಪುರಾವೆ ಇದ್ದರೆ ಕೇಳಬಹುದು, ಇಲ್ಲದಿದ್ದರೆ ಕಷ್ಟ. ಭಾರತದ ಕಾನೂನಿನ ಕಣ್ಣಿಗೆ ಸಾಕುನಾಯಿ ಮಗುವಲ್ಲ, ಸ್ಕೂಟರಿನಂತೆ ಒಂದು ಚರ ಸ್ವತ್ತು (ಕೇಳಲು ಕೆಟ್ಟದೆನಿಸುತ್ತದೆ, ಆದರೆ ಇರುವುದೇ ಹಾಗೆ). ಹಾಗಾಗಿ ಮಕ್ಕಳಿಗೆ ಸಿಗುವಂಥ ಜೀವನಾಂಶ ಅದಕ್ಕಿಲ್ಲ. ಉಳಿಯುವ ಮುಖ್ಯ ದಾರಿ 1872ರ ಕರಾರು ಕಾಯ್ದೆ. ಬಾಯಿಮಾತಿನ ಒಪ್ಪಂದಕ್ಕೂ ಅದರಲ್ಲಿ ಬೆಲೆಯಿದೆ, ಸಾಬೀತು ಮಾಡುವುದೇ ತಲೆನೋವು. 'ಆಪರೇಷನ್ ಮಾಡಿಸು, ಅರ್ಧ ನಾನು ಹಾಕ್ತೀನಿ' ಎಂಬ ವಾಟ್ಸ್‌ಆ್ಯಪ್ ಮೆಸೇಜು, ಹಿಂದೆಲ್ಲ ಬಿಲ್ ಹಂಚಿಕೊಂಡ ಯುಪಿಐ ದಾಖಲೆ ಇಲ್ಲಿ ಕೈಹಿಡಿಯುತ್ತವೆ. ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹೂಡಬೇಕು. ಬೇರೆಯಾದ ನಂತರದ ಊಟ, ಲಸಿಕೆಯ ಖರ್ಚು ಮಾತ್ರ, ಬೇರೆ ಮಾತಾಗಿರದಿದ್ದರೆ, ನಾಯಿಯನ್ನು ಇಟ್ಟುಕೊಂಡವರ ತಲೆಗೇ. ಮೊತ್ತ ಸಣ್ಣದಿದ್ದರೆ ವಕೀಲರ ಫೀಸೇ ಅದನ್ನು ನುಂಗೀತು, ಮೊದಲು ಒಂದು ನೋಟಿಸ್ ಕಳಿಸಿ ನೋಡಿ.