ಕುಬುಸದ ದಿನವೂ ಕೆರೆದುಕೊಂಡೇ ಕೂತಿದ್ದೆ

ಪ್ರಶ್ನೆ: ಡಾಕ್ಟರಮ್ಮ, ನನಗೆ 23 ವರ್ಷ, ಚೊಚ್ಚಲ ಬಸುರಿ, ಎಂಟು ತಿಂಗಳು ತುಂಬುತ್ತಾ ಬಂತು. ಹೆರಿಗೆಗೆ ಅಂತ ಸಿಂಧನೂರಿನ ಹತ್ತಿರ ತವರಿಗೆ ಬಂದಿದ್ದೀನಿ. ಎರಡು ವಾರದಿಂದ ಹೊಟ್ಟೆ ಮೇಲೆ, ಚರ್ಮ ಹಿಗ್ಗಿ ಗೆರೆ ಬಿದ್ದ ಕಡೆಯೆಲ್ಲ ಕೆಂಪು ಗುಳ್ಳೆ ಎದ್ದಿವೆ. ಈಗ ತೊಡೆಗೂ ಇಳಿದಿವೆ. ಕಡಿತ ತಡೆಯೋಕೆ ಆಗ್ತಿಲ್ಲ. ಕುಬುಸದ ದಿನ ಹಸಿರು ಸೀರೆಯ ಜರಿ ಅಂಚು ಹೊಟ್ಟೆಗೆ ತಾಗಿ ತಾಗಿ, ಕೊನೆಗೆ ಸೆರಗಿನ ಒಳಗೆ ಹಣಿಗೆ ಇಟ್ಟುಕೊಂಡು ಕೆರೆದುಕೊಂಡೆ, ಆರತಿ ಮಾಡೋಕೆ ಬಂದ ಹೆಂಗಸರೆಲ್ಲ ನಕ್ಕರು. ಅವ್ವ ನಂಜು ಅಂತ ಬದನೆಕಾಯಿ ಬಿಡಿಸಿದ್ದಾಳೆ. ಅತ್ತೆಯವರು ಫೋನಿನಲ್ಲಿ, ಕೂಸಿಗೆ ಕೂದಲು ಬರೋವಾಗ ಹಂಗೇ ಕಡೀತದೆ, ಸುಮ್ನಿರು ಅಂತಾರೆ. ಮನೆಯವರು ಮೆಡಿಕಲ್ ಶಾಪಿನಿಂದ ಗಜಕರ್ಣದ ಟ್ಯೂಬ್ ತಂದುಕೊಟ್ಟಿದ್ದಾರೆ. ಹಚ್ಚಲಾ? ಕೂಸಿಗೆ ಏನಾದ್ರೂ ಆಗುತ್ತಾ?
– ಹೆಸರು ಬೇಡ, ಸಿಂಧನೂರು ತಾಲ್ಲೂಕು

ಉತ್ತರ: ಟ್ಯೂಬ್ ಹಚ್ಚಬೇಡಿ. ಬೇರೆಯದೆಲ್ಲ ಆಮೇಲೆ.

ಗಜಕರ್ಣಕ್ಕೆ ಅಂತ ಅಂಗಡಿಯಲ್ಲಿ ಕೊಡುವ ಎಷ್ಟೋ ಟ್ಯೂಬುಗಳಲ್ಲಿ ಜೋರು ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನ ಹಾಯ್ ಅನಿಸುತ್ತದೆ, ಬಿಟ್ಟ ಕೂಡಲೇ ಮತ್ತೆ ಶುರು. ಅಂಥ ಜೋರಿನ ಕ್ರೀಮನ್ನು ಬಸುರಿಯರು ವಾರಗಟ್ಟಲೆ ಬಳಿದುಕೊಂಡರೆ ಮಗುವಿನ ತೂಕ ಕಡಿಮೆಯಾಗುವ ಸಾಧ್ಯತೆಯೂ ಇದೆ.

ಈಗ ನಿಮ್ಮ ಗುಳ್ಳೆಗಳ ವಿಷಯ. ಕನ್ನಡಿ ಮುಂದೆ ನಿಂತು ಹೊಕ್ಕಳು ನೋಡಿಕೊಳ್ಳಿ. ಗೆರೆ ಬಿದ್ದ ಕಡೆ ಗುಳ್ಳೆ ತುಂಬಿ, ಹೊಕ್ಕಳ ಸುತ್ತ ಮಾತ್ರ ಬಟ್ಟಲಿನಷ್ಟು ಜಾಗ ಚೊಕ್ಕವಾಗಿ ಉಳಿದಿದೆಯಾ? ಹಾಗಿದ್ದರೆ ಇದು ಹೆಚ್ಚಾಗಿ ನಾವು ಪಿಯುಪಿಪಿಪಿ ಅಂತ ಕರೆಯುವ ದದ್ದು. ಹೆಸರು ಪೀಪಿ ಊದಿದ ಹಾಗಿದೆ, ಇರಲಿ. ಸುಮಾರು 200 ಬಸುರಿಯರಲ್ಲಿ ಒಬ್ಬರಿಗೆ ಬರುತ್ತದೆ, ಅದರಲ್ಲೂ ಚೊಚ್ಚಲಿನವರಿಗೆ, ಅವಳಿ ಇರುವವರಿಗೆ ಜಾಸ್ತಿ, ಬರೋದೂ ಕೊನೆಯ ತಿಂಗಳುಗಳಲ್ಲೇ. ಹೊಟ್ಟೆಯ ಚರ್ಮ ಬೇಗ ಬೇಗ ಹಿಗ್ಗೋದಕ್ಕೂ ಇದಕ್ಕೂ ನಂಟಿದೆ ಅಂತ ತಿಳಿದಿದೆ. ಕೂಸಿಗೆ ಇದರಿಂದ ಏನೂ ಆಗಲ್ಲ. ಹೆರಿಗೆಯಾದ ಮೇಲೆ ಒಂದೆರಡು ವಾರದಲ್ಲಿ ತಾನಾಗಿ ಇಳಿದುಹೋಗುತ್ತದೆ.

ನೋಡ್ರಿ ತಂಗಿ, ಇದನ್ನ ಪುಸ್ತಕ ಓದಿ ಹೇಳ್ತಿಲ್ಲ. ದೊಡ್ಡ ಮಗಳು ಹೊಟ್ಟೆಯಲ್ಲಿದ್ದಾಗ ನನಗೂ ಬಂದಿತ್ತು. ಚೀಟಿ ಬರೆಯೋದು ಬಿಟ್ಟು ಅದೇ ಪೆನ್ನಿನಿಂದ ಟೇಬಲ್ ಕೆಳಗೆ ತೊಡೆ ಕೆರೆದುಕೊಳ್ಳುತ್ತಾ ಕೂತಿರುತ್ತಿದ್ದೆ, ಎದುರಿಗಿದ್ದ ಪೇಷಂಟು ಪಾಪ ಕಾಯ್ತಾ ಇರುತ್ತಿದ್ದರು. ಹಾಗಾಗಿ ನಿಮ್ಮ ಹಣಿಗೆಗೆ ನಾನು ನಗಲ್ಲ. ಆದರೆ ಹಣಿಗೆ ಬೇಡ, ಚರ್ಮ ಕಿತ್ತು ಕೀವಾದರೆ ಅದೊಂದು ಬೇರೆ ರಗಳೆ. ಉಗುರು ಚಿಕ್ಕದಾಗಿ ಕತ್ತರಿಸಿ. ತೆಳ್ಳಗಿನ ಹತ್ತಿ ಬಟ್ಟೆ ತಣ್ಣೀರಲ್ಲಿ ಅದ್ದಿ ಹಿಂಡಿ, ಕಡಿಯುವ ಕಡೆ ಹತ್ತು ನಿಮಿಷ ಹಾಕಿಕೊಳ್ಳಿ. ಅದು ಆರುವ ಮೊದಲೇ ಕ್ಯಾಲಮೈನ್ ಹಚ್ಚಬೇಡಿ, ಚರ್ಮ ಒಣಗಿದ ಮೇಲೆ ಹಚ್ಚಿ. ಸ್ನಾನಕ್ಕೆ ಉಗುರು ಬೆಚ್ಚಗಿನ ನೀರು ಸಾಕು. ಬಸುರಿ ಅಂತ ಅವ್ವ ಹಂಡೆಯಿಂದ ಹೊಗೆಯಾಡುವ ನೀರು ಹಾಕ್ತಾಳೆ, ನನಗೆ ಗೊತ್ತು, ಆದರೆ ಬಿಸಿ ತಾಗಿದಷ್ಟೂ ಕಡಿತ ಏರುತ್ತದೆ. ನಿಮ್ಮ ಕಡೆ ಬೋರಿನ ನೀರು ಸವಳು ಇದ್ದರೆ ಸೋಪು ಕಡಿಮೆ ಮಾಡಿ, ಮೈ ಒರೆಸಿದ ಕೂಡಲೇ ಕೊಬ್ಬರಿ ಎಣ್ಣೆ ಸವರಿ. ಎಣ್ಣೆಗೆ ಕರ್ಪೂರ ಮಾತ್ರ ಹಾಕಬೇಡಿ, ಕೆರೆದು ಕಿತ್ತ ಚರ್ಮದಿಂದ ಅದು ಒಳಗೆ ಇಳಿಯುತ್ತದೆ. ಒಲೆ ಮುಂದೆ ಕೂತು ರೊಟ್ಟಿ ಬಡಿಯುವ ಕೆಲಸ ಹೆರಿಗೆವರೆಗೆ ಯಾರಾದರೂ ಬೇರೆಯವರಿಗೆ ಬಿಡಿ. ರಾಯಚೂರು ಜಿಲ್ಲೆಯ ಬಿಸಿಲೇ ಸಾಕು, ಅದರ ಮೇಲೆ ಒಲೆಯ ಝಳ ಯಾಕೆ?

ಇಷ್ಟಕ್ಕೂ ರಾತ್ರಿ ನಿದ್ದೆ ಇಲ್ಲ ಅಂದ್ರೆ ಡಾಕ್ಟರಿಗೆ ತೋರಿಸಿ. ಬಸುರಿಯರಿಗೆ ಕೊಡಬಹುದಾದ ಸಿಟ್ರಿಜಿನ್ ಥರದ ಮಾತ್ರೆ ಇವೆ, ಮೆತ್ತನೆಯ ಸ್ಟೀರಾಯ್ಡ್ ಕ್ರೀಮೂ ಇದೆ, ಎಷ್ಟು, ಎಷ್ಟು ದಿನ ಅಂತ ಅವರು ಹೇಳಲಿ. ಗುಳ್ಳೆಗಳು ಹೊಕ್ಕಳಿಂದಲೇ ಶುರುವಾಗಿದ್ದರೆ, ಅಥವಾ ಸುಟ್ಟ ಬೊಬ್ಬೆ ಥರ ನೀರು ತುಂಬಿಕೊಳ್ಳುತ್ತಿದ್ದರೆ ಮಾತ್ರ ತಡ ಮಾಡದೆ ಹೋಗಿ. ಅದು ಬೇರೆ ಕಾಯಿಲೆ, ಅಪರೂಪದ್ದು, ಅದಕ್ಕೆ ಮಗುವಿನ ಬೆಳವಣಿಗೆ ನೋಡುತ್ತಾ ಇರಬೇಕಾಗುತ್ತದೆ.

ಬದನೆಕಾಯಿ ತಿನ್ನಿ. ಎಣ್ಣೆಗಾಯಿ ಇಲ್ಲದೆ ಬಸುರಿನ ತಿಂಗಳು ದೂಡೋದು ದೊಡ್ಡ ಶಿಕ್ಷೆ. ಕೂಸಿನ ಕೂದಲಿನ ಮಾತಿಗೆ ಅತ್ತೆಯವರ ಜೊತೆ ವಾದಕ್ಕೆ ಇಳಿಯಬೇಡಿ, ಅದು ನಿಜ ಅಲ್ಲ ಅಷ್ಟೇ.

ಪ್ರಶ್ನೆ: ನನಗೆ ಏಳೂವರೆ ತಿಂಗಳು, ಎರಡನೇ ಬಸುರಿ. ಮೈಮೇಲೆ ಒಂದು ಗುಳ್ಳೆಯೂ ಇಲ್ಲ. ಆದರೆ ರಾತ್ರಿ ಆಯ್ತೆಂದರೆ ಅಂಗೈ, ಅಂಗಾಲು ವಿಪರೀತ ನವೆ. ಹಾಸಿಗೆ ಬಿಟ್ಟು ಎದ್ದು ಬಂದು ಪಡಸಾಲೆಯ ಬಂಡೆಗೆ ಅಂಗಾಲು ಒತ್ತಿಕೊಂಡು ಗೋಡೆಗೆ ಒರಗಿ ಕೂರ್ತೀನಿ. ಬಂಡೆ ಬೆಚ್ಚಗಾದ ಮೇಲೆ ಪಕ್ಕದ ಬಂಡೆಗೆ ಸರಿಯೋದು. ಎಲ್ಲರೂ ಉಷ್ಣ ಅಂತಾರೆ. ಮುಂದಿನ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಚೆಕಪ್ ಇದೆ, ಆಗ ಕೇಳಿದರೆ ಸಾಕಾ?
– ಗಂಗಾವತಿ ಕಡೆಯವಳು

ಉತ್ತರ: ಸಾಕಾಗಲ್ಲ. ನಾಳೆಯೇ ಹೋಗಿ.

ಪ್ರತಿ ತಿಂಗಳು 9ರಂದು ಬಸುರಿಯರಿಗೆ ನಡೆಯುವ ಉಚಿತ ತಪಾಸಣೆ ಒಳ್ಳೆಯದೇ, ಆದರೆ ಇದು ಅಲ್ಲಿವರೆಗೆ ಕಾಯುವ ವಿಷಯ ಅಲ್ಲ. ಮೊದಲ ಪತ್ರದ ಹುಡುಗಿಯ ಮೈ ನೋಡಿದರೆ ಯಾರಿಗಾದರೂ ಗಾಬರಿಯಾಗುತ್ತದೆ, ನಿಮ್ಮ ಮೈ ನೋಡಿದರೆ ಏನೂ ಇಲ್ಲ. ಆದರೂ ನನಗೆ ಚಿಂತೆ ನಿಮ್ಮದೇ. ಗುಳ್ಳೆ ಇಲ್ಲದೆ ಅಂಗೈ ಅಂಗಾಲು ಕಡಿಯೋದು, ಅದೂ ರಾತ್ರಿ ಹೊತ್ತು ಜಾಸ್ತಿ ಅಂದ್ರೆ, ಮೊದಲು ಲಿವರ್ ನೋಡಬೇಕು. ಬಸುರಿಯಲ್ಲಿ ಕೆಲವರಿಗೆ ಪಿತ್ತರಸ ಸರಿಯಾಗಿ ಹರಿಯದೆ, ಅದರ ಆಮ್ಲ ರಕ್ತದಲ್ಲಿ ಸೇರಿಕೊಳ್ಳುತ್ತದೆ. ಕೊಲೆಸ್ಟಾಸಿಸ್ ಅಂತಾರೆ.

ಎರಡು ರಕ್ತಪರೀಕ್ಷೆ ಕೇಳಿ, ಲಿವರ್ ಹೇಗಿದೆ ಅಂತ ತೋರಿಸುವ ಎಲ್‌ಎಫ್‌ಟಿ ಮತ್ತು ಬೈಲ್ ಆಸಿಡ್, ಅಂದ್ರೆ ಆ ಪಿತ್ತರಸದ ಆಮ್ಲ. ಎರಡನೆಯದಕ್ಕೆ ರಕ್ತ ಹೊರಗಿನ ಲ್ಯಾಬಿಗೆ ಹೋಗಬೇಕಾಗಬಹುದು. ಬೈಲ್ ಆಸಿಡ್ ಲೀಟರಿಗೆ 19 ಮೈಕ್ರೋಮೋಲ್ ಮುಟ್ಟಿದರೆ ಕೊಲೆಸ್ಟಾಸಿಸ್ ಇದೆ ಅಂತ ಲೆಕ್ಕ. 40ರ ಒಳಗಿದ್ದರೆ ಮಗುವಿಗೆ ಅಪಾಯ ಹೆಚ್ಚಾಗೋದಿಲ್ಲ, ಪರೀಕ್ಷೆ ಮಾಡಿಸುತ್ತಾ ಇರಬೇಕು. 100 ಮುಟ್ಟಿದರೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಏರುತ್ತದೆ. ಅದಕ್ಕೇ ಅಂಥವರಿಗೆ 35–36 ವಾರಕ್ಕೇ ಹೆರಿಗೆ ಮಾಡಿಸುವ ಯೋಚನೆ ಮಾಡ್ತೀವಿ. ಹೆದರಿಸೋಕೆ ಬರೆದಿದ್ದಲ್ಲ, ಉಷ್ಣ ಅಂತ ಎಳನೀರು ಕುಡಿದು ಕೂರಬಾರದು ಅಂತ. ಮೊದಲ ವರದಿ ಸರಿಯಾಗಿ ಬಂದು, ನವೆ ಮಾತ್ರ ನಿಲ್ಲದಿದ್ದರೆ ಒಂದೆರಡು ವಾರ ಬಿಟ್ಟು ಮತ್ತೆ ಮಾಡಿಸಿ, ಯಾಕಂದ್ರೆ ಕೆಲವರಿಗೆ ನವೆ ಮೊದಲು ಬಂದು ರಕ್ತದಲ್ಲಿ ತಡವಾಗಿ ಕಾಣುತ್ತದೆ. ಮೂತ್ರ ಕಡು ಹಳದಿ, ಕಣ್ಣು ಹಳದಿ, ಮಲ ಬಿಳಿಚಿಕೊಂಡಿದ್ದರೆ ಅದನ್ನೂ ಹೇಳಿ.

ಕೂಸಿನ ಒದೆತ ಕಡಿಮೆ ಅನಿಸಿದರೆ ಯಾವ ವರದಿಗೂ ಕಾಯಬೇಡಿ, ನಡುರಾತ್ರಿಯಾದರೂ 108ಕ್ಕೆ ಫೋನ್ ಮಾಡಿ ಹೊರಡಿ. ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆ ನಿಮಗೆ ದೂರ ಅಲ್ಲ.

ಪ್ರಶ್ನೆ: ಹೋದ ಬಸುರಿಯಲ್ಲಿ ನನಗೆ ಮೈ ಕಡಿತ ಬಂದಿತ್ತು. ಈ ಸಲವೂ ಬರುತ್ತಾ?
– ಸಿರುಗುಪ್ಪ, ಬಳ್ಳಾರಿ ಜಿಲ್ಲೆ

ಉತ್ತರ: ಯಾವ ಕಡಿತ ಅಂತ ನೀವು ಬರೆದಿಲ್ಲ. ಗೆರೆಗಳ ಮೇಲೆ ಗುಳ್ಳೆ ಎದ್ದಿದ್ದರೆ ಮತ್ತೆ ಬರೋದು ಕಡಿಮೆ. ಲಿವರಿನ ಕಡಿತ ಆಗಿದ್ದರೆ ಮರುಕಳಿಸೋದು ಜಾಸ್ತಿ. ಹಳೆಯ ತಾಯಿ ಕಾರ್ಡ್, ಆಗಿನ ರಕ್ತದ ವರದಿ ಟ್ರಂಕಿನಲ್ಲೋ ಬೀರುವಿನಲ್ಲೋ ಇದ್ದರೆ ಹುಡುಕಿ ತೆಗೆದು, ಮೊದಲ ಚೆಕಪ್ಪಿಗೇ ತೆಗೆದುಕೊಂಡು ಹೋಗಿ.